ನೀರು ಬೇಡವೆಂದ ವಿಚಾರದ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೆ ನನ್ನ ಅಕ್ಷರ ಮತ್ತು ಕಾಗುಣಿತದ ಬಗ್ಗೆ ಕ್ಷಮೆ ಕೋರುತ್ತೇನೆ. ಹೋಟೆಲಿನ ಬಿಲ್ಲು ಹಾಗೂ ಪಂಚಾಯತಿಗೆ ಕೊಡುವ ಅರ್ಜಿಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವನಲ್ಲ. ಮನೆಯಲ್ಲಿ ಆಡುವುದು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು, ಕಚೇರಿಗಳಲ್ಲಿ ಬಳಸಿದ್ದು. ಆದ್ದರಿಂದ ಅರ್ಜಿಯ ಧಾಟಿಯನ್ನು ಬಿಟ್ಟರೆ ನನಗೆ ಕೈ ಓಡುವುದಿಲ್ಲ. ಅಕ್ಷರಗಳು ವಕ್ರವಾಗಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿಯಲು ನನಗೆ ಹೆದರಿಕೆ. ಆ ಕೈಯ ವಿಷಯವನ್ನೇ ಈ ಮೂಲಕ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಬಂಟ್ವಾಳ ತಾಲೂಕಿನ ಮಾಣಿ ಎಂಬ ಊರಿನಲ್ಲಿ ಹೆದ್ದಾರಿಯ ಬದಿಗೆ ನನ್ನ ತಂದೆಯವರು ಆರಂಭಿಸಿದ ಹೋಟೆಲನ್ನು ನಾನು ಬಹಳ ಕಾಲ ನಡೆಸಿದ್ದೇನೆ. ಈಗ ಅದನ್ನು ತಮ್ಮನ ಮಗ ನೋಡಿಕೊಳ್ಳುತ್ತಿದ್ದಾನೆ. ನನಗೆ ಶುಗರ್ ಮತ್ತು ಬಿ.ಪಿ. ಇರುವುದು ಕಾಯಿಲೆ ಬಲಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ತಿಳಿದಿತ್ತು. ತಿಳಿದುಕೊಳ್ಳಲು ನನಗೆ ಎಲ್ಲ ಅನುಕೂಲವಿತ್ತು. ಕಾರಿತ್ತು, ಮಂಗಳೂರಿನಲ್ಲಿ ಪರಿಚಯದ ಡಾಕ್ಟರರಿದ್ದರು, ಕೌಂಟರಿನಲ್ಲಿ ಕುಳಿತುಕೊಳ್ಳಲು ಬೇರೆ ಜನರಿದ್ದರು. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ವರದಿಯನ್ನು ಕಪಾಟಿನಲ್ಲಿಟ್ಟು, ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದೆ. ಕೊನೆಗೆ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಡಯಾಲಿಸಿಸ್ ಮಾಡಲು ಅನುಕೂಲವಾಗುವಂತೆ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿದರು. ಚರ್ಮದ ಕೆಳಗೆ ಅದು ಉಬ್ಬಿಕೊಂಡು ಕಾಣುತ್ತದೆ. ಅಂದಿನಿಂದ ನಾನು ತುಂಬು ತೋಳಿನ ಅಂಗಿಯನ್ನೇ ಧರಿಸಲು ಆರಂಭಿಸಿದೆ.

ಬಂಟ್ವಾಳದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡರೆ ಊರಿನವರು ಯಾರಾದರೂ ನೋಡುತ್ತಾರೆಂದು ಮೂಡುಬಿದಿರೆಗೆ ಹೋಗುತ್ತಿದ್ದೆ. ಅಲ್ಲಿಗೆ ಹತ್ತಿರದ ಪುತ್ತಿಗೆಯಲ್ಲಿ ಹೆಂಡತಿಯ ಪಾಲಿಗೆ ಬಂದ ಸ್ವಲ್ಪ ಜಾಗವಿದೆ. ಅದನ್ನು ನೋಡಿಕೊಳ್ಳಲು ಹೋಗುತ್ತಿದ್ದೇನೆಂದು ಎಲ್ಲರಿಗೂ ಹೇಳಿದ್ದೆವು. ಆಗ ತಮ್ಮನ ಮಗಳಿಗೆ ಸಂಬಂಧ ನೋಡುತ್ತಿದ್ದ ಸಮಯ.

"ಕಿಡ್ನಿ ಅಂದ್ರೆ ವಂಶದಲ್ಲೇ ಉಂಟು ಅಂತ ಹೇಳ್ತಾರೆ. ಮದುವೆ ಆಗುವವರೆಗೆ ಬಾಯಿ ಮುಚ್ಚಿಕೊಂಡಿರುವ," ಎಂದು ನನ್ನ ಹೆಂಡತಿ ಹೇಳಿದಳು.

ಮದುವೆಯೂ ಆಯಿತು, ಆ ಹುಡುಗಿಗೆ ಮಗುವೂ ಆಯಿತು. ನಾವು ಮಾತ್ರ ಬಾಯಿ ತೆರೆಯಲಿಲ್ಲ.

ಈ ವಿಷಯ ತಿಳಿದಿದ್ದವಳು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಒಬ್ಬಳೇ. ಯಾರೋ ಸಂಬಂಧಿಕರನ್ನು ಕರೆದುಕೊಂಡು ಮೂಡುಬಿದಿರೆಯ ಆಸ್ಪತ್ರೆಗೆ ಬಂದಿದ್ದಾಗ ನನ್ನನ್ನು ಹಾಸಿಗೆಯಲ್ಲಿ ನೋಡಿದ್ದಳು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಮನೆಗೆ ಬಂದು, ಕಾಲೊನಿಗೆ ತನ್ನ ಜೊತೆ ಬರಬೇಕೆಂದು ಕೇಳಿಕೊಂಡಳು.

ಕಾಲೊನಿ ಇರುವುದು ನಮ್ಮ ಮನೆಯಿಂದ ಗುಡ್ಡ ಇಳಿದಲ್ಲಿ. ಅಲ್ಲಿಯ ಹೆಂಗಸರು ಬೀಡಿ ಕಟ್ಟುತ್ತಾರೆ. ಗಂಡಸರು ಕೆಂಪುಕಲ್ಲು ಕಡಿಯುವ ಕೋರೆಗೆ ಹೋಗುತ್ತಾರೆ. ಬಿ.ಪಿ. ನೋಡಿಸಲೆಂದು ಬೆಳಿಗ್ಗೆ ಆರೋಗ್ಯ ಉಪಕೇಂದ್ರದಲ್ಲಿ ಹೋಗಿ ಕುಳಿತರೆ ಅರ್ಧ ದಿನದ ಬೀಡಿ ಹೋಯಿತು. ಆದುದರಿಂದ ಅಲ್ಲಿ ಯಾರಿಗೆ ಯಾವ ಕಾಯಿಲೆ ಇದೆಯೆಂಬುದು ಅವರು ಬಿದ್ದ ದಿನವೇ ತಿಳಿಯುವುದು. ಆ ಮಳೆಗಾಲದಲ್ಲಿ ಒಬ್ಬನನ್ನು ಉಸಿರಾಡಲಾಗದ ಸ್ಥಿತಿಯಲ್ಲಿ ಜೀಪಿನಲ್ಲಿ ಮಂಗಳೂರಿಗೆ ಕೊಂಡೊಯ್ದಿದ್ದರು. ಕಿಡ್ನಿ ಹೋಗಿ ಬಹಳ ಸಮಯವಾಗಿದೆ ಎಂದು ಅಲ್ಲಿ ಹೇಳಿದರಂತೆ. ಆತ ಹಿಂದಿರುಗಲಿಲ್ಲ. ಈಗ ಆತನ ಅಕ್ಕನಿಗೂ ಪಾದಗಳು ಊದಿದ್ದವು, ಬೆಳಿಗ್ಗೆ ಏಳುವಾಗ ಮುಖ ಊದಿರುತ್ತಿತ್ತು. ನೆರಿಯ ಎಂಬ ಊರಿನ ಕಡೆಯಿಂದ ಯಾರೋ ತಂದುಕೊಟ್ಟ ಬೇರನ್ನು ಅರೆದು ಕುಡಿಯುತ್ತಿದ್ದಳು. ಆಶಾ ಕಾರ್ಯಕರ್ತೆ ಎಷ್ಟು ಕರೆದರೂ ತಪಾಸಣೆಗೆ ಬರುತ್ತಿರಲಿಲ್ಲ. ಆಕೆ ಬಂದರೆ ಉಳಿದವರೂ ಬರುತ್ತಾರೆ ಎಂಬುದು ಕಾರ್ಯಕರ್ತೆಯ ಲೆಕ್ಕಾಚಾರ.

"ನೀವು ಭಾಷಣ ಮಾಡುವುದು ಬೇಡ ಅಣ್ಣ. ಅಂಗಿಯ ಕೈ ಮಡಚಿ ತೋರಿಸಿದರೆ ಸಾಕು," ಎಂದಳು.

ನಾನು ಬರುತ್ತೇನೆಂದು ಒಪ್ಪಿದೆ. ಕೈ ತೋರಿಸುತ್ತೇನೆಂದು ಒಪ್ಪಲಿಲ್ಲ.

ಕಾಲೊನಿಯಲ್ಲಿ ಮೇಲೆ ತಿಳಿಸಿದ ಮಹಿಳೆಯ ಜಗಲಿಯಲ್ಲಿ ನಮಗೆ ಕುರ್ಚಿ ಹಾಕಿದರು. ನನ್ನ ಪ್ರಾಯದವಳು. ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪನ್ನು ಇಟ್ಟುಕೊಂಡು, ನಮ್ಮ ಮುಖ ನೋಡುತ್ತಲೇ ಬೀಡಿ ಸುತ್ತುತ್ತಿದ್ದಳು. ಅಕ್ಕಪಕ್ಕದ ಹೆಂಗಸರೂ ತಮ್ಮ ಮೊರದೊಂದಿಗೆ ಬಂದು ಕುಳಿತರು. ನಾನು ಎದ್ದು ನಿಂತು ರಕ್ತದೊತ್ತಡದ ಬಗ್ಗೆ, ಉಪ್ಪು ಕಡಿಮೆ ಮಾಡುವ ಅಗತ್ಯದ ಬಗ್ಗೆ, ಶಾಲಾ ವಾರ್ಷಿಕೋತ್ಸವದಲ್ಲಿ ಮಾತನಾಡುವವರ ಹಾಗೆ ಕನ್ನಡದಲ್ಲಿ ಮಾತನಾಡಿದೆ. ಆಕೆ ಕೈ ನಿಲ್ಲಿಸದೆ ತುಳುವಿನಲ್ಲಿ ಕೇಳಿದಳು. ಅದನ್ನೂ ಮುಂದಿನ ಮಾತುಗಳನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಒಣಮೀನು ಬೇಡ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಬೇಡ. ಹಾಗಾದರೆ ಗಂಜಿಗೆ ಕೂಡಿಕೊಳ್ಳಲಿಕ್ಕೆ ಎಂತ ಧಣಿ, ಈ ಭಾಷಣವಾ?"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆಗ ಕೆಲಸ ಆಗುತ್ತದೆಂದೇ ನನಗೆ ಅನ್ನಿಸಿತ್ತು. ಆಕೆ ಮೊರವನ್ನು ಬದಿಗಿಟ್ಟು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡುಗಳನ್ನೂ ಎರಡು ಲೋಟ ನೀರನ್ನೂ ತಂದಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಆಶಾ ಕಾರ್ಯಕರ್ತೆ ತನ್ನ ಲೋಟವನ್ನು ಎತ್ತಿ ಕುಡಿದಳು. ನಾನು ಅಂಗೈ ಅಡ್ಡ ಹಿಡಿದು, "ಬೇಡ, ಬೇಡ" ಎಂದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂಬ ನಿಯಮವಿದೆ. ಬೆಲ್ಲವಂತೂ ನನಗೆ ವರ್ಜ್ಯ. ಆದರೆ ಅದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ನಮ್ಮಂಥವರು ಅಂಥ ಮನೆಯಲ್ಲಿ ನೀರು ಬೇಡವೆಂದರೆ ಅದರ ಅರ್ಥವೇನೆಂದು ನಮ್ಮ ಊರಿನಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನ ತಂದೆಯವರ ಕಾಲದಲ್ಲಿ ಆ ಕಾಲೊನಿಯವರಿಗೆ ನಮ್ಮ ಹೋಟೆಲಿನ ಹಿಂಬದಿಯಲ್ಲಿ ತೆಂಗಿನಕಾಯಿಯ ಗೆರಟೆಯಲ್ಲಿ ಚಹಾ ಹೊಯ್ಯುತ್ತಿದ್ದರು. ಆಕೆಯ ಪ್ರಾಯದವರಿಗೆ ಅದು ನೆನಪಿರಲೇಬೇಕು. ಆಕೆ ತಟ್ಟೆಯನ್ನು ಒಳಗಿಟ್ಟು ಬಂದು ಮತ್ತೆ ಬೀಡಿ ಸುತ್ತತೊಡಗಿದಳು. ಅನಂತರ ಯಾರೂ ನಗಲಿಲ್ಲ.

ಉಪಕೇಂದ್ರದಲ್ಲಿ ತಪಾಸಣೆಯ ದಿನ ಕಾಲೊನಿಯಿಂದ ಒಬ್ಬರೂ ಬರಲಿಲ್ಲ. ಆ ಸಂಜೆ ಆಶಾ ಕಾರ್ಯಕರ್ತೆ ನಮ್ಮ ಗೇಟಿನ ಹೊರಗೆ ನಿಂತೇ ಮಾತನಾಡಿದಳು.

"ನೀವು ನೀರು ಬೇಡ ಅಂದದ್ದು ಊರಿಗೆಲ್ಲ ಗೊತ್ತಾಯಿತು ಅಣ್ಣ. ಕಿಡ್ನಿ ಹೋದದ್ದು ಯಾರಿಗೂ ಗೊತ್ತಿಲ್ಲ."

ನನ್ನ ಹೆಂಡತಿಗೆ ಈ ಸಂಗತಿ ತಿಳಿಸಿ, ಹೋಗಿ ಹೇಳಿ ಬರುತ್ತೇನೆಂದೆ. "ಕೈ ತೋರಿಸಿಕೊಂಡು ಮನೆಮನೆಗೆ ಹೋಗಲಿಕ್ಕೆ ನೀವೆಂತ ದಾಸಯ್ಯನಾ?" ಎಂದಳು. ಆ ಮಾತನ್ನೇ ನೆಪ ಮಾಡಿಕೊಂಡು ನಾನು ದಿನ ದೂಡಿದೆ. ಕಾಲೊನಿಯ ಆ ಹೆಂಗಸಿನ ಕಾಲಿನ ಬಾವು ಮೊಣಕಾಲಿಗೆ ಏರುತ್ತಿದೆಯೆಂದು ಕೇಳಿದ ಮೇಲೆಯೂ ಕೆಲವು ದಿನ ದೂಡಿದೆ. ಕ್ರಿಸ್‌ಮಸ್ ಕಳೆದ ನಂತರ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮತ್ತೆ ಗುಡ್ಡ ಇಳಿದೆ.

ಈ ಸಲ ನಾನು ನಿಲ್ಲಲಿಲ್ಲ. ಕುಳಿತು ಎಡಗೈಯ ಅಂಗಿಯನ್ನು ಮಡಚಿದೆ. ಆಕೆ ಬೀಡಿ ಸುತ್ತುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು.

"ಇದೆಂತ ಧಣಿ, ಚರ್ಮದ ಒಳಗೆ ಎರೆಹುಳ ಹೋದ ಹಾಗೆ?"

ನಾನು ಎಲ್ಲವನ್ನೂ ತಿಳಿಸಿದೆ. ಸೂಜಿ ಎಲ್ಲಿ ಚುಚ್ಚುತ್ತಾರೆ, ರಕ್ತ ಯಂತ್ರದೊಳಗೆ ಹೋಗಿ ಹೇಗೆ ಬರುತ್ತದೆ, ನೀರು ಏಕೆ ಅಳೆದು ಕುಡಿಯಬೇಕು. ಆಕೆ ಸೊಸೆಯನ್ನೂ ಕರೆದು ತೋರಿಸಿದಳು. "ನನ್ನ ತಮ್ಮನಿಗೂ ಇದೇ ಆದದ್ದಾ?" ಎಂದು ಕೇಳಿದಳು. ಇದೇ ಎಂದೆ. ಆಕೆ ಮೊರವನ್ನು ಬದಿಗೆ ಸರಿಸಿದಳು.

"ಅವತ್ತೇ ಹೇಳಬಹುದಿತ್ತಲ್ಲ."

"ನಾಚಿಕೆ ಆಯಿತು."

"ಯಾವುದಕ್ಕೆ? ಕಾಯಿಲೆಗಾ, ನಮ್ಮ ನೀರಿಗಾ?"

ಇಲ್ಲಿ ತಮ್ಮಲ್ಲಿ ಒಂದು ಸಂಗತಿಯನ್ನು ನಿವೇದಿಸಿಕೊಳ್ಳಬೇಕಾಗಿದೆ. ಮೇಲೆ ಬರೆಯುವಾಗ ನಾಚಿಕೆಯಿಂದ ಅದನ್ನು ಬಿಟ್ಟಿದ್ದೆ. ಮೊದಲ ಸಲ ಕಾಲೊನಿಗೆ ಹೋಗುವ ಮುಂಚೆ, ಅದೇ ಬೆಳಿಗ್ಗೆ, ನಾನೂ ಆಶಾ ಕಾರ್ಯಕರ್ತೆಯೂ ದಾರಿಯಲ್ಲಿರುವ ನನ್ನ ಸೋದರಮಾವನ ಮನೆಗೆ ಹೋಗಿದ್ದೆವು. ಅಲ್ಲಿಯೂ ಬೆಲ್ಲ, ನೀರು ಕೊಟ್ಟಿದ್ದರು. ಅಲ್ಲಿ ನಾನು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದಿದ್ದೆ. ಬೇಡವೆಂದರೆ ಅತ್ತೆ ಬೇಸರಿಸುತ್ತಾರೆಂದು ಕುಡಿದದ್ದು. ಎರಡು ಗುಟುಕಿನಿಂದ ನನಗೆ ಏನೂ ಆಗಲಿಲ್ಲ. ಕಾಲೊನಿಯಲ್ಲಿಯೂ ಆಗುತ್ತಿರಲಿಲ್ಲ. ಡಾಕ್ಟರರ ನಿಯಮ ಅಲ್ಲಿ ನೆನಪಾಗದೆ ಇಲ್ಲಿ ಏಕೆ ಅಷ್ಟು ಬೇಗ ನೆನಪಾಯಿತು ಎಂಬುದನ್ನು ನನ್ನನ್ನೇ ಅನೇಕ ಸಲ ಕೇಳಿಕೊಂಡಿದ್ದೇನೆ.

ಆದರೆ ಆಕೆಗೆ ನಾನು ಕೊಟ್ಟ ಉತ್ತರ, "ಕಾಯಿಲೆಗೆ."

ಆಶಾ ಕಾರ್ಯಕರ್ತೆ ನೆಲ ನೋಡುತ್ತಿದ್ದಳು. ಮನೆಯವಳೂ ಹೆಚ್ಚು ಕೇಳಲಿಲ್ಲ. ನೀರನ್ನೂ ತರಲಿಲ್ಲ. ತರಬಹುದೆಂದು ನಾನು ಕಾದಿದ್ದೆ. ಕೇಳುವ ಅರ್ಹತೆ ನನಗಿರಲಿಲ್ಲ. ನಾವು ಏಳುವಾಗ ಆಕೆ ಆಶಾ ಕಾರ್ಯಕರ್ತೆಗೆ ಹೇಳಿದಳು: "ಉಪಕೇಂದ್ರಕ್ಕೆ ಬರಲಿಕ್ಕೆ ನಮಗೆ ಪುರುಸೊತ್ತಿಲ್ಲ. ಬೀಡಿ ಕೊಡುವ ದಿನ ಎಲ್ಲರೂ ಬ್ರಾಂಚಿಗೆ ಬರ್ತೇವೆ. ಎಣಿಸಿ ಆಗುವವರೆಗೆ ಹೇಗೂ ಕಾಯಬೇಕು. ನಿನ್ನ ಮಿಷನನ್ನು ಅಲ್ಲಿಗೇ ತಾ."

ಬ್ರಾಂಚು ಎಂದರೆ ಕಟ್ಟಿದ ಬೀಡಿಯನ್ನು ಒಪ್ಪಿಸುವ ಅಂಗಡಿ. ಅದರ ಜಗಲಿಯಲ್ಲಿ ಮೇಜು ಹಾಕಿಸಲು ಸಂಬಂಧಪಟ್ಟವರಿಗೆ ಅರ್ಜಿ ಬರೆದವನು ನಾನೇ. ಆ ದಿನ ಆಶಾ ಕಾರ್ಯಕರ್ತೆ ನನ್ನನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕುಳ್ಳಿರಿಸಿ, ಅರ್ಧ ತೋಳಿನ ಅಂಗಿಯಲ್ಲೇ ಇರಬೇಕೆಂದು ತಾಕೀತು ಮಾಡಿದ್ದಳು. ಹೆಂಗಸರು ಬೀಡಿಯ ಚೀಲ ಹಿಡಿದುಕೊಂಡು ನನ್ನ ಕೈ ನೋಡಿ, ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ಸಾಲಿಗೆ ಸೇರುತ್ತಿದ್ದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿಯಾಯಿತು. ನನ್ನ ಹೆಂಡತಿ ಕೆಲವು ದಿನ ನನ್ನೊಡನೆ ಮಾತು ಬಿಟ್ಟಳು.

ಕಾಲೊನಿಯ ಆ ಹೆಂಗಸಿನ ಬಿ.ಪಿ.ಯನ್ನು ಉಪಕೇಂದ್ರದಿಂದ ಬಂದಿದ್ದ ನರ್ಸ್ ಮತ್ತೊಮ್ಮೆ, ಮಗದೊಮ್ಮೆ ನೋಡಿದರು. ಕೂಡಲೇ ರಕ್ತ, ಮೂತ್ರ ಪರೀಕ್ಷೆಗೆ ಕಳುಹಿಸಿದರು. ಮುಂದಿನ ತಿಂಗಳು ಮಾತ್ರೆ ಕೊಡುವ ದಿನ ಅದೇ ಜಗಲಿಯಲ್ಲಿ ಆಕೆ ಸಾಲಿನಲ್ಲಿ ನಿಂತಿದ್ದಳು. ಪಾದದ ಬಾವು ಇಳಿದಿತ್ತು. ನಾನು ಕುರ್ಚಿಯಿಂದ ಎದ್ದು ಹೋಗಿ ಏನಾಯಿತೆಂದು ವಿಚಾರಿಸಿದೆ.

"ಕಿಡ್ನಿ ಅರ್ಧ ಉಂಟಂತೆ, ಅರ್ಧ ಹೋಗಿದೆಯಂತೆ. ಮಾತ್ರೆ ಬಿಡದೆ ತೆಗೆದುಕೊಂಡರೆ ಇದ್ದದ್ದು ಉಳಿದೀತು ಅಂತ ಡಾಕ್ಟರು ಹೇಳಿದ್ದಾರೆ. ಆ ಬೇರು ಬಿಟ್ಟೆ."

ಹೋದ ಅರ್ಧದಲ್ಲಿ ಎಷ್ಟು ಭಾಗ ನಾನು ದಿನ ದೂಡಿದ ಆ ವಾರಗಳಲ್ಲಿ ಹೋಯಿತೆಂದು ಯಾವ ಡಾಕ್ಟರರೂ ಹೇಳಲಾರರು. ಕೇಳುವ ಧೈರ್ಯವೂ ನನಗಿಲ್ಲ. ಆದರೆ ಸುಳ್ಳು ಉತ್ತರವನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ.

"ಅವತ್ತು ನಿಮ್ಮಲ್ಲಿಗೆ ಬರುವ ಮೊದಲು ನಾನು ಮಾವನ ಮನೆಯಲ್ಲಿ ನೀರು ಕುಡಿದಿದ್ದೆ," ಎಂದೆ.

"ಗೊತ್ತುಂಟು. ಆ ಮನೆಯಲ್ಲಿ ಪಾತ್ರೆ ತೊಳೆಯುವುದು ನನ್ನ ಸೊಸೆ. ನೀವು ಕುಡಿದ ಲೋಟ ತೊಳೆದದ್ದೂ ಅವಳೇ."

ಆಕೆಯ ಮುಖದಲ್ಲಿ ಸಿಟ್ಟು ಇರಲಿಲ್ಲ. ಬೀಡಿ ಎಣಿಸಿ ಒಪ್ಪಿಸುವಾಗ ಇರುವ ಮುಖವೇ ಇತ್ತು.

"ಸ್ವಲ್ಪ ಆಚೆ ನಿಲ್ಲಿ ಧಣಿ. ಹಿಂದೆ ಜನ ಕಾಯ್ತಾ ಇದ್ದಾರೆ," ಎಂದಳು.

ನಾನು ಆಚೆ ನಿಂತೆ. ಸಾಲು ಮುಂದೆ ಹೋಯಿತು.

ಇದಿಷ್ಟು ನಡೆದ ಸಂಗತಿ. ಆಶಾ ಕಾರ್ಯಕರ್ತೆ ಇದನ್ನೊಮ್ಮೆ ಓದಿ ಕೆಲವು ಅಕ್ಷರಗಳನ್ನು ಸರಿಪಡಿಸಿಕೊಟ್ಟಿದ್ದಾಳೆ. ಅವಳ ಕಣ್ಣಿಗೆ ಬೀಳದೆ ಉಳಿದಿರುವ ತಪ್ಪುಗಳು ತಮಗೆ ಕಂಡುಬಂದಲ್ಲಿ, ಸಂಕೋಚವಿಲ್ಲದೆ ತಿದ್ದಿ ನನಗೂ ತಿಳಿಸಬೇಕೆಂದು ವಿನಮ್ರವಾಗಿ ಕೇಳಿಕೊಳ್ಳುತ್ತೇನೆ.