ಅಟೆಂಡೆನ್ಸ್ ಇಲ್ಲದ ಸಭೆ

ನಮ್ಮ ಕನ್ನಡ ಮೇಡಂ ಅವರ ಎಡಗೈ ಬಳೆಗಳಲ್ಲಿ ಸದಾ ಏಳೆಂಟು ಪಿನ್ನುಗಳು ಜೋತುಬಿದ್ದಿರುತ್ತಿದ್ದವು. ವೇದಿಕೆಯ ಬ್ಯಾನರಿಗೊಂದು, ಪ್ರಾರ್ಥನೆ ಹಾಡುವ ಹುಡುಗಿಯ ಸೆರಗಿಗೊಂದು, ಅತಿಥಿಗಳ ಬ್ಯಾಡ್ಜಿಗೊಂದು. ಜಯನಗರದ ನಮ್ಮ ಕಾಲೇಜಿನಲ್ಲಿ ಕನ್ನಡ ಸಂಘದ ಸಂಚಾಲಕಿ ಎಂದರೆ ಹಾರ ತುರಾಯಿಯಿಂದ ಹಿಡಿದು ಎಲ್ಲ ತಲೆನೋವೂ ಅವರದೇ. ಕೊನೆಯ ವರ್ಷದಲ್ಲಿ ನಾನು ಸಂಘದ ಕಾರ್ಯದರ್ಶಿಯಾಗಿದ್ದೆ. ಉದ್ಘಾಟನೆ, ಚರ್ಚಾಸ್ಪರ್ಧೆ, ರಂಗೋಲಿ, ಯಾವುದಾದರೂ ಅದೇ ಪಾಡು. ಮೇಡಂ ಕ್ಲಾಸಿಂದ ಕ್ಲಾಸಿಗೆ ಹೋಗಿ "ಬನ್ರೋ, ಅಟೆಂಡೆನ್ಸ್ ಕೊಡ್ತೀನಿ" ಎಂದು ಗೋಗರೆಯುವುದು, ಬಂದವರು ಕೂತು ಫೋನಿನಲ್ಲಿ ಮುಳುಗುವುದು.

"ಪಾಠ ಮಾಡೋಕೆ ಬಂದೋಳು ಕಣೇ ನಾನು. ಕುರ್ಚಿ ತುಂಬಿಸೋದೇ ಕೆಲಸ ಆಗೋಯ್ತು," ಎನ್ನುತ್ತ ಸ್ಟಾಫ್ ರೂಮಿನಲ್ಲಿ ಚಪ್ಪಲಿ ಬಿಚ್ಚಿ ಕಾಲು ನೀವಿಕೊಳ್ಳುತ್ತಿದ್ದರು. ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ಕಾಲುಗಳು ಅವು.

ರಾಜ್ಯೋತ್ಸವಕ್ಕೆ ಹಿರಿಯ ಕಥೆಗಾರರೊಬ್ಬರು ಬಂದರು. ಬಿಕಾಂ ಮಕ್ಕಳನ್ನು ಹೇಗೋ ಎಳೆದು ತಂದು ಕೂರಿಸಿದ್ದೆವು. ಗುಜುಗುಜು ನಿಲ್ಲದ್ದನ್ನು ಕಂಡು ಅವರು ಮೈಕಿನಲ್ಲಿ, "ಬೇಡ ಅನ್ನೋರು ಹೋಗಬಹುದಪ್ಪ, ಬೇಜಾರಿಲ್ಲ," ಎಂದರು. ಮರ್ಯಾದೆಗೆ ಆಡಿದ ಮಾತು. ನಮ್ಮವರು ಎದ್ದೇ ಹೋದರು! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ. ಮೇಡಂ ವೇದಿಕೆಯಿಂದ ಇಳಿದು ಮೊದಲ ಸಾಲಿನಲ್ಲಿ ಕೂತು, "ನಾವಿದ್ದೀವಿ ಸಾರ್, ಹೇಳಿ," ಎಂದರು. ಮೇಡಂ, ನಾನು, ಮೈಕಿನವನು, ಮೂವರೇ ಕೇಳಿದೆವು.

ಮರುದಿನ ಮೇಡಂ ಪ್ರಿನ್ಸಿಪಾಲರಿಗೆ ಖಡಾಖಂಡಿತವಾಗಿ ಹೇಳಿದರು: "ಇನ್ಮೇಲೆ ಅಟೆಂಡೆನ್ಸ್ ಕೊಟ್ಟು ಕರೆಯಲ್ಲ ಸಾರ್. ಬರೋರು ಬರ್ಲಿ."

"ಸಮಾರೋಪಕ್ಕೆ ಹಾಲ್ ತುಂಬದಿದ್ರೆ ಸಂಘ ಮುಚ್ಚೋದೇ, ನೋಡಿ ಮೇಡಂ."

ಸಮಾರೋಪಕ್ಕೆ ವಿದ್ಯಾರ್ಥಿಗಳದೇ ಕವಿಗೋಷ್ಠಿ ಇಟ್ಟೆವು. ಮೇಡಂ ಯಾರನ್ನೂ ಗೋಗರೆಯಲಿಲ್ಲ. ಎರಡು ಸಾಲಿಗಾಗುವಷ್ಟು ಜನ ಬಂದರು. ಬಿಟಿಎಂನ ಪಿಜಿಯಲ್ಲಿದ್ದ ವಿಜಯಪುರದ ಹುಡುಗಿಯೊಬ್ಬಳು ಅವ್ವನ ಮೇಲೆ ಬರೆದದ್ದನ್ನು ಓದುತ್ತ ಅರ್ಧಕ್ಕೇ ನಿಲ್ಲಿಸಿಬಿಟ್ಟಳು. "ನಿಧಾನಕ್ಕೆ ಓದು ಮಗು. ಇಲ್ಲಿ ಯಾರಿಗೂ ಅವಸರ ಇಲ್ಲ," ಎಂದರು ಮೇಡಂ. ಆ ವರ್ಷವಿಡೀ ಅವರ ಮುಖದಲ್ಲಿ ದಣಿವು ಕಾಣದ ಮಧ್ಯಾಹ್ನ ಅದೊಂದೇ. ಸಂಘ ಮಾತ್ರ ಉಳಿಯಲಿಲ್ಲ, ಸಾಂಸ್ಕೃತಿಕ ಸಮಿತಿಯೊಳಗೆ ಸೇರಿಸಿಬಿಟ್ಟರು.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಗೆ ಹೋದಾಗ ಸಭಾಂಗಣ ಕಿಕ್ಕಿರಿದಿತ್ತು. ಇಷ್ಟೊಂದು ಜನ ಬಂದರಲ್ಲ ಎಂದು ಹಿಗ್ಗಿದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಕೇಳಿದ: "ಯಾರು ಮಗಾ ಇವ್ರು?"

"ಗೊತ್ತಿಲ್ಲ ಗುರು. ಅಟೆಂಡೆನ್ಸ್ ಅಂತೆ."

ಆ ಮಕ್ಕಳ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ನನ್ನನ್ನು ಮಾತಿಗೆ ಕರೆದರು. ಹಾರ ಹಾಕಿದ ಫೋಟೋ ಪಕ್ಕದಲ್ಲಿ ನಿಂತು, "ನಾಲ್ಕು ಜನರೆದುರು ಬಾಯಿ ಬಿಡೋ ಧೈರ್ಯ ನನಗೆ ಕೊಟ್ಟೋರು ಇವರು," ಎಂದೆ. ಅಷ್ಟೇ ಹೇಳಿ ಕೆಳಗಿಳಿದೆ.

ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ಹೇಳಿಕೊಡುತ್ತಿದ್ದವರು ಮೇಡಂ ಒಬ್ಬರೇ.