ಮೊದಲು ಮೀನಿಗೆ, ಆಮೇಲೆ ಮಗುವಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಮೊಣಕಾಲೂರಿ ಕೂತವರು ಎರಡೂ ಅಂಗೈಗಳನ್ನು ಮೂಗಿಗೆ ಹಿಡಿದು ಮೂಸುತ್ತಾರೆ. ಆಮೇಲೆ ಮುಂಗೈ. ಆಮೇಲೆ ಟಾರ್ಚ್ ಹಾಕಿ ಒಂದೊಂದೇ ಉಗುರಿನ ಸಂದಿ. ಎಲ್ಲ ಮುಗಿದ ಮೇಲೆ, ಬಿಸಿ ನೀರಿಗೆ ಕೈ ಹಾಕುವವರ ಹಾಗೆ ಬೆರಳ ತುದಿಯನ್ನಷ್ಟೇ ಗಾಜಿನ ತೊಟ್ಟಿಗೆ ಇಳಿಸುತ್ತಾರೆ. ಹಸಿದ ಮೀನುಗಳು ಹಿಂಡುಗಟ್ಟಿ ಬಂದು ಬೆರಳನ್ನು ಕುಟುಕುತ್ತವೆ. ಅವು ಕುಟುಕಿದ ಮೇಲೆಯೇ ಇವರು ಉಸಿರು ಬಿಡುವುದು.

"ರಾತ್ರಿಯೆಲ್ಲಾ ಮಲಗಿ ಎದ್ದಿರೋ ಕೈ ಇದು. ಇದಕ್ಕಿಂತ ಶುದ್ಧವಾದ ಕೈ ನನ್ನ ಹತ್ರ ಇಲ್ಲ. ಅದಕ್ಕೇ ಮೀನಿನ ಕೆಲಸ ಏನಿದ್ರೂ ಈ ಹೊತ್ತಿಗೇ," ಎನ್ನುತ್ತಾರೆ.

ಕೈಯ ಬಗ್ಗೆ ಇಷ್ಟು ಸಂಶಯಪಡುವ ಈ ಮನುಷ್ಯ ನಗರಸಭೆಯ ಸೊಳ್ಳೆ ವಿಭಾಗದ ಕೆಲಸಗಾರರು. ಸಂಜೆ ಹೊತ್ತು ಗಲ್ಲಿಗಳಲ್ಲಿ ಗರ್ರೆಂದು ಸದ್ದು ಮಾಡುತ್ತ ಬಿಳಿ ಹೊಗೆ ಬಿಡುತ್ತಾರಲ್ಲ, ನಾವು ಕಿಟಕಿ ಮುಚ್ಚಿ ಬೈದುಕೊಳ್ಳುತ್ತೇವಲ್ಲ, ಅವರು. ಮಕ್ಕಳ ಬಾಯಲ್ಲಿ ಇವರು 'ಹೊಗೆಮಾಮ'. ಇಪ್ಪತ್ತು ವರ್ಷದಿಂದ ಯಂತ್ರ ಹೊತ್ತು ಎಡ ಹೆಗಲು ಬಲಕ್ಕಿಂತ ಕೆಳಗಿಳಿದಿದೆ. ಇವರ ಮುಖ ನೋಡಿದವರು ಕಡಿಮೆ, ಏಕೆಂದರೆ ಇವರು ಬಂದ ಕೂಡಲೇ ಎಲ್ಲರೂ ಒಳಗೆ ಓಡುತ್ತಾರೆ.

ಸೊಳ್ಳೆ ಕೊಲ್ಲುವವರ ಮನೆಗೆ ಮೀನು ಬಂದದ್ದು ಕೆಲಸದ ದೆಸೆಯಿಂದಲೇ. ಸೊಳ್ಳೆಮರಿ ತಿನ್ನಲೆಂದು ನಿಂತ ನೀರಿಗೆ ಬಿಡಲು ಕಚೇರಿಗೆ ಗಪ್ಪಿ ಮೀನುಗಳು ಬಂದಿದ್ದವು. ಬಿಟ್ಟು ಮುಗಿದ ಮೇಲೆ ಬಕೆಟ್ಟಿನ ತಳದಲ್ಲಿ ನಾಲ್ಕೈದು ಉಳಿದವು. ಚರಂಡಿಗೆ ಸುರಿಯಲು ಮನಸ್ಸು ಬರಲಿಲ್ಲ, ಮನೆಗೆ ತಂದರು. ಅಲ್ಲಿಂದ ಹಿಡಿದ ಹುಚ್ಚು ಇದು. ಈಗ ಗೋಡೆಯುದ್ದಕ್ಕೂ ತೊಟ್ಟಿಗಳು. ಕೆಟ್ಟ ಫ್ರಿಜ್ಜಿನ ತರಕಾರಿ ಡಬ್ಬಿ, ಪೇಂಟಿನ ಬಕೆಟ್ಟು, ಯಾರೋ ಎಸೆದ ಮಗುವಿನ ಸ್ನಾನದ ಟಬ್ಬು, ಎಲ್ಲದರಲ್ಲೂ ಮೀನು. ಗಪ್ಪಿಗಳ ಜೊತೆ ಕರಿ ಮೋಲಿಗಳು, ಬಾಲದ ತುದಿ ಕತ್ತಿಯಂತಿರುವ ಕೆಂಪು ಮೀನುಗಳು. ಮಾರುವುದಿಲ್ಲ. ಕೇಳಿದವರಿಗೆ ಹಳೇ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ.

ಇವೆಲ್ಲ ಮೊಟ್ಟೆಯಿಡದೆ ಮರಿಯನ್ನೇ ಹೆರುವ ಜಾತಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಾತ್ರ ಇವುಗಳಿಗೆ ಸಲ್ಲುವುದಿಲ್ಲ, ಹೆತ್ತ ತಾಯಿಯೇ ತಿರುಗಿ ಮರಿಯನ್ನು ನುಂಗುತ್ತಾಳೆ. ಅದಕ್ಕಾಗಿ ನೀರ ತುಂಬ ಪಾಚಿಯಂಥ ಗಿಡ ತುಂಬಿಸಿ ಇಡಬೇಕು, ಮರಿಗಳು ಅದರೊಳಗೆ ಅಡಗಿ ಬದುಕಿಕೊಳ್ಳುತ್ತವೆ. "ನನಗೆ ಇದೇ ಜಾತಿ ಯಾಕೆ ಅಂದ್ರೆ, ಇಲ್ಲಿ ಮುಚ್ಚುಮರೆ ಇಲ್ಲ," ಎನ್ನುತ್ತಾರೆ ಹೊಗೆಮಾಮ. "ಮೊಟ್ಟೆ ಆದ್ರೆ ಒಳಗೆ ಏನಾಗಿದೆ ಅಂತ ಕಾಯ್ಬೇಕು. ಇದು ಹುಟ್ಟಿದ ತಕ್ಷಣ ಈಜಬೇಕು. ಈಜಲಿಲ್ಲ ಅಂದ್ರೆ ಏನೋ ತಪ್ಪಾಗಿದೆ ಅಂತ ಅರ್ಥ."

ನಾನು ನೋಡಲು ಬಂದದ್ದು ಗೋಡೆಯ ತೊಟ್ಟಿಗಳನ್ನಲ್ಲ, ಹೊಸಿಲ ಪಕ್ಕದ ಸ್ಟೂಲಿನ ಮೇಲಿರುವ ಗಾಜಿನ ಜಾಡಿಯನ್ನು. ಅದರಲ್ಲಿ ಒಂದೇ ಮೀನು, ಬೂದು ಬಣ್ಣದ ಬಸುರಿ ಗಪ್ಪಿ. ಹೊಟ್ಟೆ ಉಬ್ಬಿ ಚೌಕವಾಗಿದೆ. ಟಾರ್ಚ್ ಹಿಡಿದು ತೋರಿಸುತ್ತಾರೆ. ಹೊಟ್ಟೆಯ ತೆಳು ಚರ್ಮದ ಹಿಂದೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಹುಟ್ಟಲಿರುವ ಮರಿಗಳ ಕಣ್ಣುಗಳು ಅವು. ಅಷ್ಟು ಕಣ್ಣುಗಳು ಒಳಗಿನಿಂದ ನಮ್ಮನ್ನೇ ನೋಡುತ್ತಿರುವಂತೆ ಕಂಡು ನನ್ನ ಮೈ ಜುಮ್ಮೆಂದಿತು.

"ಇವತ್ತು ಹಾಕ್ತಾಳೆ," ಎನ್ನುತ್ತಾರೆ. ದನಿಯಲ್ಲಿ ಸಂತೋಷವಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ದನಿ ಅದು.

ಮೂರು ತಿಂಗಳ ಹಿಂದೆ ಈ ಮನೆಗೆ ಮೊಮ್ಮಗಳು ಬಂದಳು. ಆಸ್ಪತ್ರೆಯಿಂದ ಸೊಸೆ ಕೂಸನ್ನು ಕರೆತಂದ ದಿನ ಹೊಗೆಮಾಮ ಕೆಲಸ ಬೇಗ ಮುಗಿಸಿ ಓಡಿ ಬಂದರು. ಎಂದಿನಂತೆ ಹಿತ್ತಲ ನಲ್ಲಿಯಲ್ಲಿ ಮೈ ತೊಳೆದರು. ಆತುರದಲ್ಲಿ ಒಂದು ತಪ್ಪಾಯಿತು. ಕೆಲಸದಲ್ಲಿ ಹೆಗಲ ಮೇಲಿದ್ದು ಸೊಳ್ಳೆಮದ್ದು ಹೀರಿದ್ದ ಟವೆಲ್ಲಿನಿಂದಲೇ ಕೈ ಒರೆಸಿಕೊಂಡರು.

"ಮಗೂನ ಎತ್ಕೊಳ್ಳೋಕೆ ಅಂತಾನೇ ಹೊರಟಿದ್ದೆ. ದಾರೀಲಿ ಈ ತೊಟ್ಟಿ. ಗಾಳಿ ಕೊಳವೆ ಜಾರಿತ್ತು, ಕೈ ಹಾಕಿ ಸರಿ ಮಾಡ್ದೆ. ಒಳಗೆ ಹೋಗಿ ಎರಡೂ ಕೈ ಚಾಚ್ದೆ. ಅಷ್ಟರಲ್ಲಿ ನನ್ನವಳು ಕೂಗಿದ್ಲು, 'ರೀ, ನಿಮ್ಮ ಮೀನು ಬುಗುರಿ ಥರ ತಿರುಗ್ತಿದಾವೆ' ಅಂತ."

ಜಾಡಿಯನ್ನೊಮ್ಮೆ ನೋಡುತ್ತಾರೆ.

"ಕಣ್ಣ ಮುಂದೇನೇ ಒಂದೊಂದಾಗಿ ಮೇಲೆ ತೇಲಿದ್ವು. ಇದೊಂದು ಉಳೀತು. ಆ ಕೊಳವೆ ಜಾರದೇ ಇದ್ದಿದ್ರೆ ನಾನು ಮೊದಲು ಮುಟ್ತಾ ಇದ್ದಿದ್ದು ಮೀನನ್ನಲ್ಲ ಸ್ವಾಮಿ."

ಅಂದಿನಿಂದ ಅವರು ಮಗುವನ್ನು ಮುಟ್ಟಿಲ್ಲ. ಮೇಲ್ವಿಚಾರಕರು ಕರೆದು ಸಮಾಧಾನ ಹೇಳಿದ್ದಾರೆ. ಈ ಮದ್ದು ಮೀನಿಗೆ ಮಾತ್ರ ಬಹಳ ಕೆಟ್ಟದ್ದು, ಮನುಷ್ಯರಿಗೆ ಹಾಗಲ್ಲ, ತೊಳೆದ ಕೈಯಿಂದ ಕೂಸಿಗೆ ಏನೂ ಆಗದು ಎಂದಿದ್ದಾರೆ. ಕೂಸನ್ನು ನೋಡುವ ವೈದ್ಯರೂ ಅದನ್ನೇ ಹೇಳಿದ್ದಾರೆ. ಹೊಗೆಮಾಮ ತಲೆಯಾಡಿಸಿ ಬಂದು, ಜಾಡಿಯನ್ನು ಹೊಸಿಲಲ್ಲಿಟ್ಟರು. ದಿನವೂ ಸ್ನಾನವಾದ ಮೇಲೆ ಅದಕ್ಕೆ ಬೆರಳದ್ದಿ ಕಾಯುತ್ತಾರೆ. ಮೀನು ನೆಟ್ಟಗಿದ್ದರೆ ಮಾತ್ರ ಮನೆಯೊಳಗೆ ಕಾಲಿಡುತ್ತಾರೆ. ಒಳಗೆ ಬಂದರೂ ಅಷ್ಟೆ, ತೊಟ್ಟಿಲಿನಿಂದ ಎರಡು ಮಾರು ದೂರ, ಕೈ ಕಟ್ಟಿಕೊಂಡು.

ಮೀನು ಬದುಕಿದ ಮೇಲೂ ಯಾಕೆ ಈ ದೂರ? "ದೊಡ್ಡ ಮೀನು ತಡ್ಕೊಂಡುಬಿಡುತ್ತೆ. ಮರಿ ತಡ್ಕೊಳ್ಳುತ್ತಾ? ನಮ್ಮ ಮಗು ದೊಡ್ಡ ಮೀನಲ್ವಲ್ಲ."

ಅಲ್ಲಿದೆ ಗುಟ್ಟು. ಈ ಜಾತಿಯ ಹೆಣ್ಣು ಒಮ್ಮೆ ಗಂಡಿನ ಜೊತೆ ಕೂಡಿದರೆ ಸಾಕು, ಗಂಡು ಸತ್ತ ಮೇಲೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ಅನಾಹುತದ ಮೊದಲ ತಿಂಗಳು ಇದು ಮರಿ ಹಾಕಿತು, ಅಷ್ಟೂ ಸತ್ತ ಮರಿಗಳು. ಮರು ತಿಂಗಳು ಹೊಟ್ಟೆ ತಾನಾಗಿಯೇ ಇಳಿದುಹೋಯಿತು. ಇದು ಮೂರನೆಯ ಸಲ. ತಮ್ಮ ಕೈಯದ್ದಿದ ನೀರಿನಲ್ಲಿ ಮರಿ ಹುಟ್ಟಿ ಈಜಿದರೆ ಮೊಮ್ಮಗಳನ್ನು ಎತ್ತಿಕೊಳ್ಳುವುದೆಂದು ಅವರು ಯಾರಿಗೂ ಹೇಳದೆ ಪಣ ಇಟ್ಟುಕೊಂಡಿದ್ದರು. ಆದರೆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಸೊಸೆ ಬಾಗಿಲಿಗೊರಗಿ ನನಗೇ ದೂರು ಹೇಳುತ್ತಾಳೆ. "ನಾನು ನೆಮ್ಮದಿಯಾಗಿ ಸ್ನಾನ ಮಾಡಿ ಮೂರು ತಿಂಗಳಾಯ್ತು. ಎತ್ಕೊಳ್ಳೋ ತಾತ ಮನೇಲೇ ಇದಾರೆ, ಏನು ಮಾಡೋದು, ಮೀನಿನ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ!" ನಗುತ್ತಾಳೆ. ನಗು ಮುಗಿದ ಮೇಲೆ ಅವಳ ಕಣ್ಣು ಜಾಡಿಯ ಕಡೆಗೇ ಹೋಗುತ್ತದೆ.

ಮಧ್ಯಾಹ್ನ ಕಳೆದು ನಾನು ಅವರ ಜೊತೆ ಕೆಲಸಕ್ಕೆ ನಡೆಯುತ್ತೇನೆ. ತುಂಬಿದ ಯಂತ್ರ ಹೆಗಲಿಗೇರಿತೆಂದರೆ ಹೊಗೆಮಾಮ ಬೇರೆಯೇ ಮನುಷ್ಯ. ನೀರಿನ ತೊಟ್ಟಿ ಕಂಡರೆ ಮುಚ್ಚಳ ಹಾಕಿಸುತ್ತಾರೆ. ತೆರೆದ ಬಾಗಿಲು ಕಂಡರೆ ಯಂತ್ರ ತಗ್ಗಿಸಿ, "ಅಮ್ಮಾ, ಒಳಗೆ ಮಕ್ಕಳಿದಾರಾ? ಮೀನಿದಾವಾ?" ಎಂದು ಕೂಗುತ್ತಾರೆ. ಹೊಗೆಯ ಹಿಂದೆ ಮಕ್ಕಳು ಕೇಕೆ ಹಾಕಿ ಓಡಿ ಬಂದರೆ ಮುಖ ಬಿಳಿಚಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಅವರು ದೂರ ಹೋಗುವ ತನಕ ಕಾಯುತ್ತಾರೆ. ಕೆಲಸ ತಡವಾಗುತ್ತದೆ, ಬೈಗುಳ ಬೀಳುತ್ತದೆ. ಆ ಸಿಹಿ, ಎಣ್ಣೆಯಂಥ ವಾಸನೆ ಹೊತ್ತು ಕಳೆದಂತೆ ನನ್ನ ಅಂಗಿಗೂ ಅಂಟಿತು. ಯಾವುದಕ್ಕೂ ಹೆದರದವನೆಂದು ಕೊಚ್ಚಿಕೊಳ್ಳುವ ನಾನು ಗುಟ್ಟಾಗಿ ನನ್ನ ಕೈಯನ್ನೂ ಮೂಸಿ ನೋಡಿಕೊಂಡೆ.

ವಾಪಸು ಬಂದಾಗ ಸೊಸೆ ಹೊಸಿಲಲ್ಲೇ ನಿಂತಿದ್ದಾಳೆ, ಕೂಸು ಹೆಗಲ ಮೇಲೆ. "ಇಬ್ರೂ ಹಿತ್ತಲಿಗೆ," ಎನ್ನುತ್ತಾಳೆ. ಅವಳ ಮುಖದಲ್ಲಿ ಏನೋ ಇದೆ. ನಾವು ತೊಳೆಯುತ್ತೇವೆ. ಅವರು ಮೊಣಕೈವರೆಗೆ ಸೋಪು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಚರ್ಮ ಕೆಂಪಗಾಗುವ ತನಕ ಉಜ್ಜುತ್ತಾರೆ. ಗೋಡೆಯ ಮೊಳೆಯಲ್ಲಿ ನೇತಾಡುವ ಬೇರೆ ಟವೆಲ್ಲು, ಅದನ್ನು ಅವರು ಮತ್ತು ಒಗೆದು ಹಾಕುವ ಹೆಂಡತಿ ಬಿಟ್ಟು ಬೇರಾರೂ ಮುಟ್ಟುವಂತಿಲ್ಲ.

ಜಾಡಿಯ ಮುಂದೆ ಬಗ್ಗುತ್ತೇವೆ. ಗಿಡದ ಎಳೆಗಳ ನಡುವೆ ಏನೋ ಚಿಮ್ಮುತ್ತದೆ. ಇನ್ನೊಂದು. ಮತ್ತೊಂದು. ರೆಪ್ಪೆಕೂದಲಿನಷ್ಟು ಮರಿಗಳು, ಎಲ್ಲಕ್ಕೂ ಕಣ್ಣೇ ದೊಡ್ಡದು. ನನಗೆ ಕುಣಿಯುವಷ್ಟು ಖುಷಿ. ಹೊಗೆಮಾಮ ಮಾತ್ರ ಜಾಡಿಯ ತಳಕ್ಕೆ ಟಾರ್ಚ್ ಹಿಡಿದು ಅಲುಗಾಡದೆ ನಿಂತಿದ್ದಾರೆ. ಅಲ್ಲಿ ಒಂದು ಮರಿ ಬಿಳಿಚಿಕೊಂಡು ಮಲಗಿದೆ.

"ಒಂದು ಹೋಗಿದೆ," ಎನ್ನುತ್ತಾರೆ.

"ಎಲ್ಲಾ ಸಲಾನೂ ಒಂದೆರಡು ಹೋಗೇ ಹೋಗ್ತಾವೆ ಅಂತ ನೀವೇ ಹೇಳ್ತಿದ್ರಿ ಮಾವ," ಎನ್ನುತ್ತಾಳೆ ಸೊಸೆ.

"ಹೇಳ್ತಿದ್ದೆ. ಬೇರೆಯವರ ಮೀನಿಗೆ ಹೇಳ್ತಿದ್ದೆ."

ಅವರು ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಮುಂದಿನ ತಿಂಗಳು ನೋಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆ, "ನಾನು ಸ್ನಾನಕ್ಕೆ ಹೋಗ್ತೀನಿ," ಎಂದವಳೇ ಕೂಸನ್ನು ಅವರ ಎದೆಗೆ ಒತ್ತಿಬಿಟ್ಟಳು. ಬೀಳಿಸುವುದುಂಟೆ? ಎರಡೂ ತೋಳು ತಾವಾಗಿಯೇ ಮುಂದೆ ಬಂದವು. ಹೊಗೆಮಾಮ ಮೊಮ್ಮಗಳನ್ನು ಮೊಣಕೈಗಳಲ್ಲಿ ಹಿಡಿದು ನಿಂತಿದ್ದಾರೆ, ಅಂಗೈಗಳೆರಡನ್ನೂ ಹೊರಕ್ಕೆ ತಿರುಗಿಸಿ.

"ಅಂಗೈ ತಾಗಿಲ್ಲ, ನೋಡಿ," ಎನ್ನುತ್ತಾರೆ ನನಗೆ. ಹಣೆಯಲ್ಲಿ ಬೆವರು. "ನೀವೇ ಸಾಕ್ಷಿ. ತಾಗಿಸಿಲ್ಲ."

ಕೂಸು ಅತ್ತಿತ್ತ ಕೈಯಾಡಿಸಿತು. ಎದುರಿಗೆ ಸಿಕ್ಕ ಹೆಬ್ಬೆರಳನ್ನು ಹಿಡಿದು ನೇರ ಬಾಯಿಗೆ ಎಳೆದುಕೊಂಡಿತು.

"ಅಯ್ಯೋ, ತೆಗೀಮ್ಮಾ, ತೆಗಿ, ಬಿಡ್ಸು ಇದನ್ನ," ಎಂದು ಅವರು ಕೂಗುತ್ತಾರೆ. ಸೊಸೆ ತಿರುಗಿ ಬಂದು ನೋಡುತ್ತಾಳೆ, ಕೂಸಿಗೆ ಕೈ ಚಾಚುವುದಿಲ್ಲ. ಅವರು ತೆಗಿ ತೆಗಿ ಎನ್ನುತ್ತಲೇ ಇದ್ದಾರೆ, ಆದರೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿಲ್ಲ.