ನನ್ನ ತಮ್ಮ ಪಾಪರ್ ಆಗಲು ಹೊರಟ ದಿನ

"ಸೋಮವಾರ ಕಣಮ್ಮಿ, ಒಂಬತ್ತು ಗಂಟೆಗಂಟ ರಾಹುಕಾಲ ಅದೆ. ಅದು ಕಳೀಲಿ, ಆಮೇಕೆ ಓಗಿ ಪಾಪರ್ ಆಗಿ."

ಹೀಗೆಂದು ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ದಿವಾಳಿಯಾಗುವುದಕ್ಕೂ ಒಳ್ಳೆ ಗಳಿಗೆ ನೋಡುವ ಮನೆ ನಮ್ಮದು!

ನನ್ನ ತಮ್ಮ ಶಿವು ತೆರಕಣಾಂಬಿಯಲ್ಲಿ ಶಾಮಿಯಾನ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಾನೆ. ಹೋದ ವರ್ಷ ಒಂದು ಸೊಸೈಟಿಯಲ್ಲಿ ಸಾಲ ಮಾಡಿ ದೊಡ್ಡ ಎಲ್‌ಇಡಿ ಸ್ಕ್ರೀನ್, ಜನರೇಟರ್ ತಂದ.

ಸೊಸೈಟಿಯವರು ಅವೆರಡನ್ನೂ ಅಡವಿಟ್ಟುಕೊಂಡಿದ್ದಲ್ಲದೆ, ಸರ್ಕಾರಿ ನೌಕರರೊಬ್ಬರ ಜಾಮೀನು ಬೇಕೆಂದರು. ಗುಂಡ್ಲುಪೇಟೆಯಲ್ಲಿ ಸರ್ಕಾರಿ ಶಾಲೆ ಟೀಚರ್ ಆಗಿರುವ ನಾನು ಸಹಿ ಹಾಕಿದೆ. ಓದಿ ಹಾಕಿದೆಯಾ ಅಂತ ಮಾತ್ರ ಕೇಳಬೇಡಿ...

ಮದುವೆಗಳಿಗೇನೂ ಬರವಿರಲಿಲ್ಲ. ಆದರೆ ಸುತ್ತಮುತ್ತ ಇರುವವರೆಲ್ಲ ನಮ್ಮ ನೆಂಟರೇ. "ನಮ್ಮೋರ್ತಾವ ಬಾಡ್ಗೆ ಕೇಳಕಾಯ್ತದಾ" ಅಂತ ಇವನು, "ನಮ್ ಉಡುಗ ತಾನೇ, ಕೊಟ್ರಾಯ್ತು ಬುಡು" ಅಂತ ಅವರು.

ಕಂತು ಕಟ್ಟುವುದು ನಿಂತಿತು. ಶಾಮಿಯಾನಕ್ಕೆ ಕರ್ಟನ್ ಬಟ್ಟೆ ಕಡ ಕೊಟ್ಟಿದ್ದ ಅಂಗಡಿಯವರು, ಕೈಸಾಲ ಕೊಟ್ಟವರು ಮನೆ ಬಾಗಿಲಿಗೆ ಬರತೊಡಗಿದರು.

ಆಗ ಟೀ ಅಂಗಡಿಯಲ್ಲಿ ಯಾರೋ ಇವನ ತಲೆಗೆ ತುಂಬಿದರು. ನನಗೆ ಫೋನ್ ಬಂತು. "ಅಕ್ಕಾ, ಚಾಮರಾಜನಗರ ಕೋರ್ಟ್‌ಗೋಗಿ ಒಂದು ಪಾಪರ್ ಚೀಟಿ ತಕ್ಕಂಬುಟ್ರೆ ಎಲ್ಲಾ ಸಾಲನೂ ಚುಕ್ತಾ ಅಂತೆ ಕಣಕ್ಕ!"

ಅವನಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಅವನ ಸಾಲ ಹೋದರೆ ನನ್ನ ಜಾಮೀನೂ ಹೋದ ಹಾಗೇ ತಾನೇ?

ಆ ಖುಷಿಯಲ್ಲಿ ಬಸ್ಸಲ್ಲಿ ಅವನ ಟಿಕೆಟ್ ನಾನೇ ತೆಗೆದೆ (ನನ್ನದು ಹೇಗೂ ಫ್ರೀ). ಚಾಮರಾಜನಗರದಲ್ಲಿ ಮಸಾಲೆ ದೋಸೆ ಕೊಡಿಸಿದೆ. ಲಾಯರ್ ಫೀಸೂ ನಂದೇ.

ನೋಡಿದವರಿಗೆ ಕನಿಕರ ಬರಲಿ ಎಂದು ಅವನು ಹರಕಲು ಶರ್ಟ್ ಹಾಕಿಕೊಂಡಿದ್ದ. ಬೆರಳಲ್ಲಿ ಮಾತ್ರ ಮದುವೆಯ ಉಂಗುರ ಹೊಳೆಯುತ್ತಿತ್ತು.

ಲಾಯರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಬಟ್ಟೆ ಹರ್ಕೊಂಡು ಬರಬೇಕಾಗಿಲ್ಲಪ್ಪ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹೆಂಡತಿ ತಾಳಿ, ಕಸುಬಿನ ಸಾಮಾನು ಇವನ್ನೆಲ್ಲ ಕೋರ್ಟ್ ಸಾಮಾನ್ಯವಾಗಿ ಮುಟ್ಟಲ್ಲ. ಆದ್ರೆ ನಿಮ್ಮ ಉಂಗುರಾನ ಮುಟ್ಟುತ್ತೆ."

ಶಿವು ಮೆಲ್ಲಗೆ ಕೈಯನ್ನು ಜೇಬಿಗೆ ಇಳಿಸಿದ.

ಕೋರ್ಟ್ ಅರ್ಜಿ ಒಪ್ಪಿದರೆ, ಸಾಲ ಕೊಟ್ಟವರು ಒಬ್ಬೊಬ್ಬರೇ ವಸೂಲಿಗೆ ಬರುವುದು ನಿಲ್ಲುತ್ತದಂತೆ. ಇರುವ ಆಸ್ತಿ ಕೋರ್ಟಿನ ಕೈಗೆ ಹೋಗಿ, ಮಾರಿ ಬಂದದ್ದನ್ನು ಅವರಿಗೆಲ್ಲ ಪಾಲು ಹಂಚುತ್ತಾರೆ. ನಡತೆ ಸರಿಯಿದ್ದರೆ ಕೊನೆಗೊಂದು ದಿನ ಉಳಿದ ಸಾಲದಿಂದ ಬಿಡುಗಡೆ.

ಆದರೆ ಮೋಸ ಮಾಡಿ ತಂದ ಸಾಲಕ್ಕೆ ಈ ಬಿಡುಗಡೆ ಇಲ್ಲ. ಅಡವಿಟ್ಟ ಸ್ಕ್ರೀನು, ಜನರೇಟರನ್ನು ಸೊಸೈಟಿಯವರು ಎತ್ತಿಕೊಂಡು ಹೋಗುವುದನ್ನೂ ತಡೆಯಲಾಗದು.

"ಜಾಮೀನು ಹಾಕಿರೋರು?" ನಾನು ನಗುನಗುತ್ತಲೇ ಕೇಳಿದೆ.

"ಕಟ್ಟಬೇಕಮ್ಮ. ಇವರು ಪಾಪರ್ ಆದ್ರೂ ಜಾಮೀನುದಾರರು ಪಾರಾಗಲ್ಲ. ಅವರ ಸಂಬಳದಲ್ಲೂ ಹಿಡೀಬಹುದು."

ದೋಸೆ ಕೊಡಿಸಿ, ಫೀಸು ಕೊಟ್ಟು, ನನ್ನ ಕುತ್ತಿಗೆಗೆ ನಾನೇ ಹಗ್ಗ ತಂದಿದ್ದೆ! ನಿಜಕ್ಕೂ ಭಯವಾಯಿತು. ಮಗಳ ಕಾಲೇಜು, ಮನೆ ಬಾಡಿಗೆ ಎಲ್ಲ ನಡೆಯುವುದು ಆ ಸಂಬಳದಲ್ಲೇ.

ಶಿವು ಮುಖ ಬಾಡಿತು. "ಬ್ಯಾಡ ಬುಡಿ ಮೇಡಂ. ನಮ್ಮಕ್ಕನ ಸಂಬ್ಳ ಕಿತ್ತು ನಾನು ಪಾರಾಗಾದು ಬ್ಯಾಡ."

ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಲಾಯರಮ್ಮ ಇನ್ನೊಂದು ಪ್ರಶ್ನೆ ಕೇಳಿದರು. "ನಿಮಗೆ ಬರಬೇಕಾದ್ದು ಏನಾದ್ರೂ ಇದ್ಯಾ?"

ಇವನು ಶುರು ಮಾಡಿದ. ಸೋದರಮಾವ, ಬೇಗೂರಿನ ಚಿಕ್ಕಪ್ಪ, ಹಂಗಳದ ಷಡ್ಡಕ, ಷಡ್ಡಕನ ಅಣ್ಣ... ಮುಗಿಯಲೇ ಇಲ್ಲ.

"ಅರ್ಜಿ ಹಾಕಿದ್ರೆ ಇವರ ಹೆಸರೆಲ್ಲ ಕೊಡಲೇಬೇಕು. ಆ ಬಾಕಿಯೂ ನಿಮ್ಮ ಆಸ್ತಿನೇ. ಕೋರ್ಟ್ ನೇಮಿಸಿದವರು ಅವರಿಂದ ವಸೂಲಿ ಮಾಡ್ತಾರೆ."

"ಅಯ್ಯಯ್ಯೋ, ನಮ್ ಮಾವಂಗೆ ಕೋರ್ಟ್ ನೋಟೀಸಾ!" ಶಿವು ಕುರ್ಚಿಯಿಂದ ಎದ್ದೇಬಿಟ್ಟ.

ಅರ್ಜಿ ಹಾಕದೆ ವಾಪಸ್ ಬಂದೆವು. ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ. ನಮ್ಮವ್ವನ ಬಾಯಲ್ಲಿ ಮಾತು ನಿಂತದ್ದುಂಟೇ?

ಮರುದಿನ ಬೆಳಗ್ಗೆ ಹಾಲಿನ ಡೈರಿಯಲ್ಲಿ ಒಂದೇ ಸುದ್ದಿ. "ನಮ್ ಶಿವು ಪಾಪರ್ ಅರ್ಜಿ ಹಾಕುದ್ರೆ ಬಾಡ್ಗೆ ಕೊಡ್ದೆ ಇರೋರ ಮನೆಗೆಲ್ಲ ಕೋರ್ಟ್‌ನೋರು ಬತ್ತರಂತೆ ಕಣವ್ವ!"

ಮೊದಲು ಬಂದವನು ಸೋದರಮಾವ. "ಏನ್ಲಾ ಶಿವು, ನೀನು ಒಂದ್ಸಲನೂ ಕೇಳ್ನೇ ಇಲ್ವಲ್ಲಾ" ಎಂದು ಇವನನ್ನೇ ಬೈದು ದುಡ್ಡು ಕೊಟ್ಟ. ಹಂಗಳದ ಷಡ್ಡಕ ಮುಖ ತೋರಿಸಲು ನಾಚಿಕೊಂಡು ಫೋನಲ್ಲೇ ಕಳಿಸಿದ.

ಎಲ್ಲರೂ ಕೊಡಲಿಲ್ಲ. ಆದರೂ ಬಾಕಿ ನಿಂತ ಕಂತು ಕಟ್ಟುವಷ್ಟು ಬಂತು. ಇನ್ನು ಮುಂದಿನ ಕಂತನ್ನು ಸೊಸೈಟಿಯವರು ಸ್ವಲ್ಪ ಇಳಿಸಿಕೊಟ್ಟಿದ್ದಾರೆ. ಬಟ್ಟೆ ಅಂಗಡಿಯವರು ಈಗಲೂ ಬರುತ್ತಾರೆ, ಶಿವು ಅಷ್ಟಿಷ್ಟು ಕೊಡುತ್ತಿದ್ದಾನೆ. ಈಗ ಚಿಕ್ಕಪ್ಪನ ಮಗನ ಮದುವೆಯಾದರೂ ಅಡ್ವಾನ್ಸ್ ಇಲ್ಲದೆ ಒಂದು ಕುರ್ಚಿಯೂ ಹೊರಗೆ ಹೋಗುವುದಿಲ್ಲ.

ತಿಂಗಳು ತಿಂಗಳೂ ಅವನಿಂದ "ಕಟ್ದೆ ಕಣಕ್ಕ" ಅಂತ ಮೆಸೇಜ್ ಬರುತ್ತದೆ. ಅದು ಬರುವವರೆಗೂ ನನ್ನ ಸಂಬಳ ನನ್ನದು ಅನ್ನಿಸುವುದೇ ಇಲ್ಲ.

ನೀವೂ ಒಮ್ಮೆ ನೆನಪು ಮಾಡಿಕೊಳ್ಳಿ... ನಿಮ್ಮ ಸಹಿ ಈಗ ಯಾರ್ಯಾರ ಸಾಲದ ಕೆಳಗೆ ಕೂತಿದೆ?